ಆಷಾಢಕ್ಕೇ ಬಂದಿಳಿಯುವ ಚಳಿಗಾಲದ ಅತಿಥಿಗಳು

ಹಕ್ಕಿಗಳ ಕೈಪಿಡಿಗಳಲ್ಲಿ ಗೊರವ, ಪ್ಲೋವರ್ ಮುಂತಾದ ಕೆಸರುದಂಡೆಯ ವಲಸೆ ಹಕ್ಕಿಗಳ ಹೆಸರಿನ ಪಕ್ಕದಲ್ಲಿ ‘ಚಳಿಗಾಲದ ಅತಿಥಿ’ ಎಂದು ಬರೆದವರು ಕುಂದಾಪುರದಲ್ಲಿ ಒಂದು ಮಳೆಗಾಲವನ್ನೂ ಕಳೆದವರಲ್ಲ ಎಂಬ ಗುಮಾನಿ ನನಗಿದೆ. ಮೊದಲನೆಯದಾಗಿ, ನಮ್ಮ ಕರಾವಳಿಯಲ್ಲಿ ಚಳಿಗಾಲವೇ ಇಲ್ಲ. ಡಿಸೆಂಬರಿನಲ್ಲಿ ನಾಲ್ಕು ದಿನ ಫ್ಯಾನಿನ ವೇಗವನ್ನು ಐದರಿಂದ ಮೂರಕ್ಕೆ ಇಳಿಸುತ್ತೇವೆ, ಅಷ್ಟೇ. ಎರಡನೆಯದಾಗಿ, ಈ ಅತಿಥಿಗಳು ಡಿಸೆಂಬರಿನವರೆಗೆ ಕಾಯುವುದೂ ಇಲ್ಲ. ಒಗೆದ ಬಟ್ಟೆ ವಾರವಾದರೂ ಒಣಗದೆ, ಮನೆಯೊಳಗೆಲ್ಲ ಹಗ್ಗ ಕಟ್ಟಿಕೊಂಡು ನಾವು ಬಗ್ಗಿ ಬಗ್ಗಿ ಓಡಾಡುತ್ತಿರುವಾಗ, ಡಬ್ಬಿಯೊಳಗಿನ ಹಪ್ಪಳ ಮುರಿಯುವ ಬದಲು ಮಡಚಿಕೊಳ್ಳುವಾಗ, ಜುಲೈ ಮುಗಿಯುವುದರೊಳಗೆ ಮೊದಲ ತಂಡ ಅಳಿವೆಯ ಕೆಸರಿನ ಮೇಲೆ ಬಂದು ಇಳಿದಿರುತ್ತದೆ. ಮನುಷ್ಯನಾದವನು ಕಡಲ ಕಡೆ ಮುಖ ಹಾಕದ ಕಾಲ ಅದು. ಸ್ವಾಗತಿಸಲು ಯಾರಾದರೂ ಹೋಗಲೇಬೇಕಲ್ಲ? ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಹಕ್ಕಿಗಳನ್ನು ದೂರುವಂತಿಲ್ಲ. ಸೈಬೀರಿಯಾದ ಉತ್ತರದ ತುದಿಯಲ್ಲಿ ಹಿಮ ಕರಗುವುದೇ ಜೂನಿನಲ್ಲಿ. ಆ ಗಡಿಬಿಡಿಯಲ್ಲೇ ಜೊತೆ ಹುಡುಕಿ, ಮೊಟ್ಟೆಯಿಟ್ಟು, ಮರಿ ಮಾಡಿ, ಮತ್ತೆ ಚಳಿ ಕಚ್ಚುವ ಮುನ್ನ ಹೊರಟುಬಿಡಬೇಕು. ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ, ಕೊಕ್ಕು ತುಸು ಕೆಳಗೆ ಬಾಗಿದ ಹಕ್ಕಿಯಲ್ಲಿ ಗಂಡು ಕಾವು ಕೊಡುವ ಗೋಜಿಗೇ ಹೋಗುವುದಿಲ್ಲ. ಜುಲೈ ಆರಂಭಕ್ಕೆಲ್ಲ ದಕ್ಷಿಣಕ್ಕೆ ಹಾರಿರುತ್ತದೆ. ಅದರ ಹಿಂದೆ ಹೆಣ್ಣು. ಎಲ್ಲರೂ ಹೋದ ಮೇಲೆ ಮರಿಗಳು, ದಾರಿ ತೋರಿಸುವವರಿಲ್ಲದೆ, ಹಿಂದೆಂದೂ ನೋಡದ ಕಡಲನ್ನು ಹುಡುಕಿಕೊಂಡು. ಅರ್ಧ ಕಿಲೋಮೀಟರಿನ ಶಾಲೆಗೆ ಮಗುವನ್ನು ಸ್ಕೂಟರಿನಲ್ಲಿ ತಂದು ಬಿಡುವ ಪಾಲಕರನ್ನು ದಿನಾ ನೋಡುವ ನಾನು ಇದನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ನಮ್ಮ ಯಜಮಾನರು ಗಂಡು ಹಕ್ಕಿಯ ಪರವಾಗಿ ಒಂದು ಮಾತನ್ನೂ ಆಡದೆ ಸಾರು ಬಡಿಸಿಕೊಂಡರು. ಸಾಮಾನ್ಯ ಗದ್ದೆಗೊರವದಲ್ಲಿ ಹೆಣ್ಣು ಮೊದಲು ಹೊರಟುಹೋಗಿ, ಮರಿಗಳ ಹೊಣೆ ಗಂಡಿನ ಮೇಲೆ ಬೀಳುವುದೂ ಉಂಟು ಎಂಬ ಸಾಲು ಅದೇ ಪುಟದ ಕೆಳಗಿತ್ತು. ಅದನ್ನು ನಾನು ಓದಲಿಲ್ಲ.

ಯಜಮಾನರು ಹಕ್ಕಿಗಳ ವಿಷಯದಲ್ಲಿ ಮೌನವಹಿಸಲು ಹಿನ್ನೆಲೆಯೊಂದಿದೆ. ನಮ್ಮ ಮನೆಯಲ್ಲಿ ಆ ವರ್ಷದ ಹಕ್ಕಿ ವ್ಯವಹಾರ ಆರಂಭವಾದದ್ದು ಏಪ್ರಿಲಿನಲ್ಲಿ, ಒಂದು ಟಿಟ್ಟಿಭನಿಂದ. ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಕೆಂಪು ತೊಗಲು, ಉದ್ದನೆಯ ಹಳದಿ ಕಾಲು, ಊರಿಗೆಲ್ಲ ಕೇಳುವ ಗಂಟಲು. ಅದೂ ಗೊರವಗಳ ಬಳಗದ್ದೇ, ಆದರೆ ವಲಸೆಯ ಉಸಾಬರಿ ಇಲ್ಲದ ಊರವಾಸಿ. ಮಳೆ ಹಿಡಿಯುವುದರೊಳಗೆ ಅಂಗಳಕ್ಕೆ ಕಾಂಕ್ರೀಟು ಹಾಕಿಸಿಬಿಡುತ್ತೇನೆ, ಈ ವರ್ಷ ಕೆಸರು ತುಳಿಯುವ ಪ್ರಶ್ನೆಯೇ ಇಲ್ಲ ಎಂದು ಯಜಮಾನರು ಯುಗಾದಿಗೇ ಘೋಷಿಸಿ, ಜಲ್ಲಿ ಮತ್ತು ಹೊಯ್ಗೆ ತರಿಸಿ ರಾಶಿ ಹಾಕಿಸಿದ್ದರು. ಮೇಸ್ತ್ರಿ ಎಂದಿನಂತೆ ‘ನಾಳೆ’ ಎಂದವನು ಬರುವಷ್ಟರಲ್ಲಿ ಟಿಟ್ಟಿಭ ಬಂದು ಜಲ್ಲಿಯ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಚೂಪು ತುದಿಗಳು ಒಳಮುಖವಾಗಿ, ಅಚ್ಚುಕಟ್ಟಾಗಿ ಜೋಡಿಸಿದ ನಾಲ್ಕು ಮೊಟ್ಟೆ. ಬಣ್ಣವೂ ಕಲೆಯೂ ಜಲ್ಲಿಯದೇ. ಒಮ್ಮೆ ಕಣ್ಣು ತೆಗೆದರೆ ಮತ್ತೆ ಹುಡುಕಲು ಐದು ನಿಮಿಷ ಬೇಕು. ಮೇಸ್ತ್ರಿ ಹಾರೆಯನ್ನು ಕೆಳಗಿಟ್ಟು, “ಟೀಚರೇ, ಮೊಟ್ಟೆಯ ಅಡಿಯಿಂದ ಜಲ್ಲಿ ಎಳೆಯುವ ಕೆಲಸ ನನ್ನಿಂದಾಗದು” ಎಂದ. ಯಜಮಾನರು ನ್ಯಾಯಕ್ಕಾಗಿ ತಮ್ಮ ತಾಯಿಯ ಕಡೆ ನೋಡಿದರು. ಅತ್ತೆ ಜಗಲಿಯಿಂದಲೇ ತೀರ್ಪು ಕೊಟ್ಟರು: “ಬಾಣಂತಿಯನ್ನು ಎಬ್ಬಿಸಬಾರದು ಮಗಾ.”

ಹಳೆಯ ಕಥೆಯಲ್ಲಿ ಟಿಟ್ಟಿಭ ತನ್ನ ಮೊಟ್ಟೆಗಾಗಿ ಸಮುದ್ರವನ್ನೇ ಎದುರು ಹಾಕಿಕೊಂಡಿತ್ತು. ನಮ್ಮನೆಯದು ಯಜಮಾನರನ್ನು ಹಾಕಿಕೊಂಡಿತು. ಕಾಗೆ ಬಂದರೆ ಕೂಗು, ಬೆಕ್ಕು ಹಾದರೆ ಕೂಗು, ಗರುಡ ಮೇಲಿನಿಂದ ಸುತ್ತಿದರೆ ಕೂಗು. ಯಜಮಾನರು ಸ್ಕೂಟರಿನ ಕೀಲಿ ಹಿಡಿದು ಹೊರಬಂದರೆ ಮಾತ್ರ ನೇರ ದಾಳಿ. ತಲೆಯಿಂದ ಒಂದು ಗೇಣು ಮೇಲಕ್ಕೆ ರೊಯ್ಯನೆ ಎರಗಿ ಹೋಗುತ್ತಿತ್ತು. ಹಾಲಿನ ಹುಡುಗನಿಗೆ ಏನೂ ಮಾಡುತ್ತಿರಲಿಲ್ಲ, ನನ್ನನ್ನು ಗಮನಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಜಲ್ಲಿಗೆ ದುಡ್ಡು ಕೊಟ್ಟವರು ಯಾರೆಂಬುದು ಅದಕ್ಕೆ ಹೇಗೋ ತಿಳಿದಿರಬೇಕು. ಕಡೆಗೆ ಅವರು ಮೇ ತಿಂಗಳ ಸುಡುಬಿಸಿಲಿನಲ್ಲಿ ಕಪ್ಪು ಕೊಡೆ ಬಿಚ್ಚಿಕೊಂಡು ಹತ್ತು ಹೆಜ್ಜೆ ದೂರದ ಸ್ಕೂಟರಿನವರೆಗೆ ನಡೆದು, ಅಲ್ಲಿ ಕೊಡೆ ಮಡಚಿ, ಹೆಲ್ಮೆಟ್ ಹಾಕಿಕೊಂಡು ಹೊರಡುವ ಪರಿಪಾಠ ಇಟ್ಟುಕೊಂಡರು. ಬೇಲಿಯಾಚೆಯ ದೊಡ್ಡಮ್ಮ ನನ್ನನ್ನು ಬದಿಗೆ ಕರೆದು, “ನಿಮ್ಮನೆಯವರಿಗೆ ಬಿಸಿಲು ತಲೆಗೆ ಏರಿದೆಯಾ?” ಎಂದು ಕಾಳಜಿಯಿಂದ ವಿಚಾರಿಸಿದರು.

ಒಂದು ಸಂಗತಿಯನ್ನು ಮಾತ್ರ ಅವರೂ ಕಿಟಕಿಯ ಸರಳು ಹಿಡಿದು ನಿಂತು ನೋಡಿದ್ದುಂಟು. ನಡುಹಗಲು ಜಲ್ಲಿ ಕಾದು ಕಾಲಿಡಲಾಗದಂತೆ ಆಗುತ್ತದೆ. ಆಗ ಹಕ್ಕಿ ಎದ್ದು ನಲ್ಲಿಯ ಕೆಳಗಿನ ಬೋಗುಣಿಗೆ ಹೋಗಿ, ಹೊಟ್ಟೆಯ ಗರಿ ಅದ್ದಿಕೊಂಡು ಓಡಿಬಂದು, ಒದ್ದೆ ಹೊಟ್ಟೆಯಲ್ಲೇ ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಕಾವು ಕೊಡುವುದಕ್ಕಲ್ಲ, ತಣಿಸುವುದಕ್ಕೆ. ಅತ್ತೆ ಬೋಗುಣಿಯನ್ನು ದಿನಕ್ಕೆ ಒಂದು ಮೊಳದಂತೆ ಜಲ್ಲಿಯ ಹತ್ತಿರಕ್ಕೆ ಸರಿಸಿದರು. ಗಂಡು, ಹೆಣ್ಣು ಎರಡೂ ಪಾಳಿಯ ಮೇಲೆ ಕೂತವು. ನಾಲ್ಕು ವಾರದ ಹೊತ್ತಿಗೆ ಮರಿಗಳು ಹೊರಬಂದವು. ಈ ಬಳಗದ ಮರಿಗಳು ಗೂಡಿನಲ್ಲಿ ಬಾಯಿ ತೆರೆದು ಕೂರುವ ಜಾತಿಯಲ್ಲ. ಗರಿ ಒಣಗುತ್ತಿದ್ದಂತೆ ಕಾಲ ಮೇಲೆ ನಿಂತು ತಮ್ಮ ಹೊಟ್ಟೆಪಾಡು ತಾವು ನೋಡಿಕೊಳ್ಳುತ್ತವೆ. ಮರುದಿನ ಬೆಳಗ್ಗೆ ಇಡೀ ಸಂಸಾರ ಗದ್ದೆಗೆ ಇಳಿದು ಹೋಗಿತ್ತು. ಯಜಮಾನರು ಹರ್ಷದಿಂದ ಮೇಸ್ತ್ರಿಗೆ ಫೋನ್ ಮಾಡಿದರು. ಮೇಸ್ತ್ರಿ ಬೈಂದೂರಿನ ಕಡೆ ಯಾರದೋ ಮನೆಯ ಸ್ಲ್ಯಾಬಿನ ಮೇಲಿದ್ದ. ಅವನು ಇಳಿಯುವ ಮೊದಲು ಮಳೆ ಇಳಿಯಿತು. ಹೊಯ್ಗೆ ಹರಿದು ಬೀದಿಗೆ ಹೋಯಿತು, ಜಲ್ಲಿ ಅರ್ಧ ಹೂತುಕೊಂಡಿತು. ಅಂಗಳದ ಕೆಲಸ ಇನ್ನು ದೀಪಾವಳಿ ಕಳೆದ ಮೇಲೆ ಎಂದು ತೀರ್ಮಾನವಾಯಿತು. ಅಂದಿನಿಂದ ಹಕ್ಕಿಗಳಿಂದಾಗುವ ಸಕಲ ನಷ್ಟವೂ ನನ್ನ ಖಾತೆಗೆ ಬೀಳುತ್ತಿದೆ.

ಬೇಸಿಗೆಯ ಉಳಿದ ಹಕ್ಕಿಗಳಿಂದ ಇಷ್ಟು ಉಪದ್ರವವಾಗಲಿಲ್ಲ. ಗೇರುಹಾಡಿಯಲ್ಲಿ ಒಣಗಿದೆಲೆ ಕೆದಕಿಕೊಂಡಿದ್ದ ನವರಂಗ ಏಪ್ರಿಲ್ ಕೊನೆಗೆ ಉತ್ತರಕ್ಕೆ ಹೊರಟಿತು. ಅದರ ಬಾಣಂತನ ಮಧ್ಯ ಭಾರತದ ಕಡೆಯಲ್ಲಿ. ಸೂರಕ್ಕಿ ಬಟ್ಟೆ ಒಣಗಿಸುವ ತಂತಿಗೆ ಗೂಡು ತೂಗುಹಾಕಿತು, ನಾವು ಆ ತಂತಿಯ ಆಸೆ ಬಿಟ್ಟೆವು. ಮಳೆಯ ಮೋಡದ ಜೊತೆ ಬರುವುದೆಂದು ಕವಿಗಳು ಹೊಗಳುವ ಚಾತಕ ನಮ್ಮ ಕಡೆ ಬಂತೋ ಇಲ್ಲವೋ, ಅತ್ತೆಯ ಪ್ರಕಾರ ಬಂತು. ಅವರು ಅದನ್ನು ಕೇಳಿಸಿಕೊಂಡರು, ಶ್ರವಣಯಂತ್ರ ಮೇಜಿನ ಮೇಲಿತ್ತು.

ಇನ್ನು ಅಳಿವೆಗೆ ಬರೋಣ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕುಂದಾಪುರ–ಗಂಗೊಳ್ಳಿಯ ನಡುವೆ ಒಂದಾಗಿ ಕಡಲು ಸೇರುತ್ತವೆ. ಪಂಚಗಂಗಾವಳಿ ಎಂಬ ಹೆಸರು ಅದಕ್ಕೇ ಬಂದದ್ದು. ನಡುವೆ ಕುದ್ರುಗಳೆಂಬ ನಡುಗಡ್ಡೆಗಳು, ಅಂಚಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಇಳಿತವಾದಾಗ ಮೇಲೇಳುವ ಕೆಸರಿನ ಬಯಲು. ಆ ಕೆಸರಿನೊಳಗಿನ ಹುಳ, ಏಡಿಮರಿ, ಚಿಪ್ಪುಮೀನು ತಿನ್ನುವುದಕ್ಕೇ ಹಕ್ಕಿಗಳು ಟಿಬೆಟ್, ಸೈಬೀರಿಯಾಗಳಿಂದ ಬರುವುದು. ಉಬ್ಬರದಲ್ಲಿ ಊಟದ ಎಲೆ ಮುಚ್ಚಿಹೋಗುತ್ತದೆ, ಇಳಿತದಲ್ಲಿ ತೆರೆದುಕೊಳ್ಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ನೀರು ಬಹಳ ದೂರ ಸರಿಯುವುದರಿಂದ ಹಕ್ಕಿ ನೋಡಲು ಅದೇ ಒಳ್ಳೆಯ ಹೊತ್ತು. ಆದರೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಗಣಿತದ ಟೀಚರ್ ಆದ ನನಗೆ ಲೆಕ್ಕ ಹಾಕುವುದು ಕಷ್ಟವಲ್ಲ. ಹಾಕಿ ನೋಡಿದರೆ ಒಳ್ಳೆಯ ಇಳಿತಗಳೆಲ್ಲ ಒಂದೋ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ಇಲ್ಲವೇ ಏಳನೇ ತರಗತಿಯ ಭಿನ್ನರಾಶಿಯ ಹೊತ್ತಿಗೆ. ಭಾನುವಾರ ಬೀಳುವ ಇಳಿತಕ್ಕೆ ಮನೆಗೆ ನೆಂಟರು ಬರುತ್ತಾರೆ.

ಇದನ್ನೆಲ್ಲ ದಾಟಿ ದಂಡೆಗೆ ಹೋದರೆ ಮಳೆ. ಬೈನಾಕ್ಯುಲರ್ ಹಿಡಿಯಲು ಎರಡು ಕೈ ಬೇಕು, ಕೊಡೆ ಹಿಡಿಯಲು ಮೂರನೆಯದು. ಕೊಡೆಯ ಕೋಲನ್ನು ಕುತ್ತಿಗೆ, ಭುಜಗಳ ನಡುವೆ ಸಿಕ್ಕಿಸಿಕೊಂಡರೆ ಕಣ್ಣಿಗೆ ಕಾಣುವುದು ಕೊಡೆಯ ಒಳಭಾಗ ಮಾತ್ರ. ರೇನ್‌ಕೋಟು ತೊಟ್ಟರೆ ಹೊರಗಿನ ಮಳೆ ಒಳಗೆ ಬರುವುದಿಲ್ಲ ನಿಜ, ಒಳಗಿನ ಬೆವರು ಹೊರಗೆ ಹೋಗುವುದೂ ಇಲ್ಲ. ಆ ಹಬೆಯೆಲ್ಲ ಕೊರಳಿನಿಂದ ಮೇಲೆದ್ದು ಕನ್ನಡಕಕ್ಕೂ ದುರ್ಬೀನಿಗೂ ಹಿಡಿಯುತ್ತದೆ. ಆಗ ಅಳಿವೆಯಲ್ಲಿ ಸೈಬೀರಿಯಾದ ಹಕ್ಕಿಯೇ ಬಂದು ನಿಲ್ಲಲಿ, ಲುಂಗಿ ಎತ್ತಿ ಕಟ್ಟಿದ ನೆರೆಮನೆಯ ಅಣ್ಣನೇ ನಿಲ್ಲಲಿ, ಎರಡೂ ಒಂದೇ ಬೂದುಬಣ್ಣದ ಮುದ್ದೆ. ಒರೆಸಲು ಸೆರಗು ಹಿಡಿದರೆ ಅದು ಮೊದಲೇ ತೊಪ್ಪೆಯಾಗಿರುತ್ತದೆ.

ಅತ್ತೆ ಅಟ್ಟದಿಂದ ಗೊರಬು ಇಳಿಸಿಕೊಟ್ಟರು. ಹಿಂದೆ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಬೆನ್ನಿಗೂ ತಲೆಗೂ ಸೇರಿಸಿ ಹೊದ್ದುಕೊಳ್ಳುತ್ತಿದ್ದ, ಬಿದಿರು ಮತ್ತು ಎಲೆಯಿಂದ ಮಾಡಿದ ರಕ್ಷೆ ಅದು. ಎರಡೂ ಕೈ ಖಾಲಿ, ಒಳಗೆ ಗಾಳಿಯಾಡುತ್ತದೆ, ಮಸೂರಕ್ಕೆ ಮಂಜು ಹಿಡಿಯುವುದಿಲ್ಲ. ಹಕ್ಕಿ ನೋಡುವವರಿಗಾಗಿಯೇ ನಮ್ಮ ಹಿರಿಯರು ಕಂಡುಹಿಡಿದಿದ್ದಾರೆಂದು ಹಿಗ್ಗಿ ಹೋದೆ. ಬಗ್ಗಿಕೊಂಡು ಇರುವಷ್ಟು ಹೊತ್ತು ಅದಕ್ಕೆ ಸಾಟಿಯಿಲ್ಲ. ಹಕ್ಕಿಗಳು ಕಾಣಲಿಲ್ಲವೆಂದು ಒಮ್ಮೆ ನೆಟ್ಟಗೆ ನಿಂತೆ. ಕಡಲ ಗಾಳಿ ಹಿಂದಿನಿಂದ ಒಳಹೊಕ್ಕು ಗೊರಬನ್ನು ಎತ್ತಿಕೊಂಡು ಹೋಗಿ ಕಾಂಡ್ಲಾದ ಮೇಲೆ ಕೂರಿಸಿತು. ಅದನ್ನು ಬಿಡಿಸಿಕೊಳ್ಳಲು ಮೊಣಕಾಲವರೆಗೆ ಹೂತು, ಒಂದು ಚಪ್ಪಲಿಯನ್ನು ಕೆಸರಿಗೆ ಅರ್ಪಿಸಿ ಬರಬೇಕಾಯಿತು. ಮನೆಯಲ್ಲಿ ಹೇಳಿದಾಗ ಅತ್ತೆ, “ಗೊರಬು ಹಾಕಿಕೊಂಡು ಯಾರಾದರೂ ನಿಲ್ಲುತ್ತಾರಾ? ನೇಜಿ ಮುಗಿಯುವವರೆಗೆ ಬಗ್ಗಿಯೇ ಇರುವುದು” ಎಂದರು. ಅವರ ಪ್ರಾಯದಲ್ಲಿ ಗದ್ದೆಯಲ್ಲಿ ಬೇಕಾದಷ್ಟು ಗೊರವಗಳು ಕಾಲ ಬಳಿಯೇ ಓಡಾಡುತ್ತಿದ್ದವಂತೆ. ನೋಡಲು ಯಾರಿಗೂ ಬಿಡುವಿರಲಿಲ್ಲ.

ಮಳೆಗಿಂತ ದೊಡ್ಡ ತೊಡಕು ಮನುಷ್ಯರದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಊರಿನ ಅರ್ಧ ಗಂಡಸರಿಗೆ ದಂಡೆಯಲ್ಲಿ ಬಲೆ ಹೊಲಿಯುವುದು, ಕಡಲು ನೋಡುವುದು, ಬಂದವರನ್ನು ವಿಚಾರಿಸುವುದು ಇಷ್ಟೇ ಕೆಲಸ. ದುರ್ಬೀನು ಹಿಡಿದು ನಿಂತ ಹೆಂಗಸು ಕಂಡರೆ ಬಿಡುವುದುಂಟೇ? ಒಬ್ಬರು ಬಂದು ತಡೆಗೋಡೆ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದರು. ಸರ್ವೆಯವಳಲ್ಲ ಎಂದರೂ ನಂಬದೆ, ತಮ್ಮ ಮನೆ ಗಡಿಯೊಳಗೆ ಬರುತ್ತದೆಯೇ ಇಲ್ಲವೇ ಎಂಬುದನ್ನಾದರೂ ಹೇಳಿ ಎಂದರು. ಇನ್ನೊಬ್ಬರು ಭೂತಾಯಿ ಮೀನಿನ ಹಿಂಡು ಕಾಣುತ್ತದೆಯೇ ಎಂದು ವಿಚಾರಿಸಿದರು. ಪತ್ರಿಕೆ ಓದುವ ಹಿರಿಯರೊಬ್ಬರು ಮಾತ್ರ ವಿಷಯಕ್ಕೆ ಹತ್ತಿರ ಬಂದರು: ಕುಮಟಾದ ಕಡೆಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತಲ್ಲ, ನಮ್ಮದಕ್ಕೂ ಅಂಥದ್ದೇನಾದರೂ ಬಂದರೆ ಬಲೆ ಹಾಕುವುದಕ್ಕೆ ತೊಂದರೆಯಾಗುತ್ತದೆಯೇ? ಹಕ್ಕಿ ನೋಡುತ್ತಿದ್ದೇನೆ ಎಂದು ನಾನು ಹೇಳಿದ ಸತ್ಯವನ್ನು ಯಾರೂ ಒಪ್ಪಲಿಲ್ಲ. “ಹಕ್ಕಿ ಇಲ್ಲಿ ಎಲ್ಲಿದೆ?” ಎಂದು ಎಲ್ಲರೂ ಕೇಳಿದರು. ಎದುರಿಗೇ ಒಂದು ಓಡಾಡುತ್ತಿತ್ತು. ಕೆಸರಿನ ಬಣ್ಣದ್ದೇ ಆದ್ದರಿಂದ ನಾನೂ ತೋರಿಸಿ ಗೆಲ್ಲುವಂತಿರಲಿಲ್ಲ.

ಆ ಒಂದು ಹಕ್ಕಿಯ ಕಥೆಯೇ ದೊಡ್ಡದು. ಅದು ಸ್ಯಾಂಡ್ ಪ್ಲೋವರ್. ನಾಲ್ಕು ಹೆಜ್ಜೆ ಓಡುವುದು, ಗಕ್ಕನೆ ನಿಲ್ಲುವುದು, ಬಾಗಿ ಹೆಕ್ಕುವುದು, ಮತ್ತೆ ಓಡುವುದು. ಜುಲೈ ಅರ್ಧವಾಗಿತ್ತು. ‘ಈ ಸಲದ ಮೊದಲ ವಲಸೆ ಹಕ್ಕಿ ಬಂದಿದೆ’ ಎಂದು ನಮ್ಮ ಹಕ್ಕಿಪ್ರಿಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಶುಭೋದಯ, ಹಬ್ಬದ ಹಾರೈಕೆ ಯಾವುದಕ್ಕೂ ಉತ್ತರಿಸದವರು ಯಾರಾದರೂ ಹಕ್ಕಿ ಕಂಡೆ ಎಂದರೆ ಮಾತ್ರ ಎಚ್ಚರಗೊಳ್ಳುತ್ತಾರೆ. ‘ಬಂದದ್ದಲ್ಲ, ಹೋಗದೇ ಇದ್ದದ್ದು’ ಎಂದು ಬರೆದರು.

ಅವರ ವಾದದಲ್ಲಿ ಹುರುಳಿತ್ತು, ಅದೇ ಸಿಟ್ಟಿನ ಕಾರಣ. ಈ ಬಳಗದ ಎಷ್ಟೋ ಹಕ್ಕಿಗಳು ಮೊದಲ ವರ್ಷ ಉತ್ತರಕ್ಕೆ ಹೋಗುವುದೇ ಇಲ್ಲ. ದೊಡ್ಡವು ಏಪ್ರಿಲ್–ಮೇನಲ್ಲಿ ಬಣ್ಣ ತುಂಬಿಕೊಂಡು ಟಿಬೆಟ್ಟಿಗೆ ಹೊರಟರೆ, ಸಂಸಾರದ ಪ್ರಾಯಕ್ಕೆ ಬಾರದ ಇವು ಬಣ್ಣವನ್ನೂ ಹಚ್ಚಿಕೊಳ್ಳದೆ ನಮ್ಮ ಕೆಸರಿನಲ್ಲೇ ಬೇಸಿಗೆ ಕಳೆಯುತ್ತವೆ. ಶಾಲೆಯಲ್ಲಾದರೆ ಅದೇ ತರಗತಿಯಲ್ಲಿ ಉಳಿಸಿಕೊಂಡ ಮಕ್ಕಳಂತೆ. ಹಾಗಾದರೆ ಹೊಸದಾಗಿ ಬಂದದ್ದನ್ನು ಗುರುತಿಸುವುದು ಹೇಗೆ? ಎದೆ ನೋಡಬೇಕು. ಮೊದಲು ಬರುವವು ದೊಡ್ಡ ಹಕ್ಕಿಗಳು. ಅವುಗಳ ಎದೆಯ ಮೇಲೆ ಮದುವೆಯ ಕಾಲದ ಕೆಂಗಂದು ಪಟ್ಟಿ, ಕಣ್ಣಿನ ಮೇಲೆ ಕಪ್ಪು ಪಟ್ಟಿ ಇನ್ನೂ ಮಾಸಿರುವುದಿಲ್ಲ. ನನ್ನ ಹಕ್ಕಿಯ ಎದೆ ಹೇಗಿತ್ತು? ಮಂಜು ಹಿಡಿದ ಮಸೂರದಲ್ಲಿ ಅದಕ್ಕೆ ಎದೆ ಇತ್ತೆಂದು ಪ್ರಮಾಣ ಮಾಡಬಲ್ಲೆ, ಬಣ್ಣ ಕೇಳಬೇಡಿ. ನಾನು ಬಂದಿದೆ ಎನ್ನುವುದು, ಅವರು ಹೋಗಿಲ್ಲ ಎನ್ನುವುದು, ನಡುವೆ ಯಾರೋ ಗೊತ್ತಿಲ್ಲದೆ ಆಷಾಢ ಏಕಾದಶಿಯ ಹಾರೈಕೆ ಹಾಕುವುದು, ಹೀಗೆ ವಾರ ಕಳೆಯಿತು.

ಅಷ್ಟರಲ್ಲಿ ಮಳೆ ರಜೆ ಬಂತು. ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ: ಹವಾಮಾನ ಇಲಾಖೆಯವರು ರೆಡ್ ಅಲರ್ಟ್ ಎಂದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುತ್ತಾರೆ, ಮಕ್ಕಳು ನೀರಿರುವ ಕಡೆ ಹೋಗದಂತೆ ಪಾಲಕರು ನೋಡಿಕೊಳ್ಳಬೇಕು ಎಂದು ಕಡ್ಡಾಯವಾಗಿ ಸೇರಿಸುತ್ತಾರೆ. ಆ ಸಂದೇಶವನ್ನು ತರಗತಿಯ ಗುಂಪಿಗೆ ನಾನೇ ಕಳುಹಿಸಿದೆ. ಕಳುಹಿಸಿ, ಇಳಿತದ ಹೊತ್ತು ನೋಡಿದೆ. ಹನ್ನೊಂದೂಕಾಲು. ಮಳೆಯೂ ನಿಂತಿತ್ತು; ರಜೆ ಕೊಟ್ಟ ದಿನ ಬಿಸಿಲು ಬರುವುದು ನಮ್ಮ ಜಿಲ್ಲೆಯ ಹಳೆಯ ಸಂಪ್ರದಾಯ. ದಂಡೆಗೆ ಹೋಗಿ ಕಾಂಡ್ಲಾದ ಮರೆಗೆ ಸರಿಯುತ್ತೇನೆ, ನನ್ನ ಏಳನೇ ತರಗತಿಯ ಹಿಂದಿನ ಬೆಂಚು ಇಡಿಯಾಗಿ ಅಲ್ಲಿ ಗಾಳ ಹಾಕಿಕೊಂಡು ಕುಳಿತಿದೆ.

ಸ್ವಲ್ಪ ಹೊತ್ತು ಎರಡೂ ಕಡೆಯವರಿಗೆ ಮಾತು ಹೊರಡಲಿಲ್ಲ. ಬೈಯುವುದಕ್ಕೆ ನಾನು ಬಾಯಿ ತೆರೆದೆ. “ಟೀಚರ್, ನಿಮಗೂ ಮೆಸೇಜು ಬಂದಿಲ್ಲವಾ?” ಎಂದು ಒಬ್ಬ ಕೇಳಿದ. ನಾನು ಬಾಯಿ ಮುಚ್ಚಿದೆ. ಗಾಳದ ವಿಷಯ ನಾನು ಅವರ ಅಮ್ಮಂದಿರಿಗೆ ಹೇಳುವುದಿಲ್ಲ, ದುರ್ಬೀನಿನ ವಿಷಯ ಅವರು ಮುಖ್ಯೋಪಾಧ್ಯಾಯರಿಗೆ ಹೇಳುವುದಿಲ್ಲ, ಎಲ್ಲರೂ ನೀರಿನಿಂದ ದೂರ ಮೇಲಿನ ಕಲ್ಲುಕಟ್ಟೆಗೆ ಬಂದು ಕೂರುವುದು ಎಂಬಲ್ಲಿಗೆ ಒಪ್ಪಂದವಾಯಿತು. ಗೆಳೆತನದ ಗುರುತಿಗೆ ಅವರಲ್ಲೊಬ್ಬನಿಗೆ ನನ್ನ ಪ್ಲೋವರನ್ನು ತೋರಿಸಿದೆ. ಲೆಕ್ಕದಲ್ಲಿ ಅವನಿಗೆ ಬಂದ ಅಂಕಗಳನ್ನು ಇಲ್ಲಿ ಹೇಳುವುದಿಲ್ಲ. ಅವನು ದುರ್ಬೀನು ಮುಟ್ಟಲೇ ಇಲ್ಲ, ಬರಿಗಣ್ಣಿನಲ್ಲಿ ನೋಡಿ, “ಇದು ಕುಂಟ ಟೀಚರ್. ಮೇ ತಿಂಗಳ ರಜೆಯಲ್ಲೂ ಇಲ್ಲೇ ಇತ್ತು. ಬಲಗಾಲು ಸ್ವಲ್ಪ ಎಳೆಯುತ್ತದೆ ನೋಡಿ” ಎಂದ. ನೋಡಿದೆ. ಎಳೆಯುತ್ತಿತ್ತು. ಸಾಕ್ಷಿದಾರ ಅಪ್ರಾಪ್ತ ವಯಸ್ಕನಾದ್ದರಿಂದ ಅವನ ಹೇಳಿಕೆಯನ್ನು ನಾನು ಗುಂಪಿಗೆ ಹಾಕಲಿಲ್ಲ.

ಅಂದಿನಿಂದ ತರಗತಿಯಲ್ಲಿ ಲೆಕ್ಕಗಳಿಗೆ ರೆಕ್ಕೆ ಬಂದವು. 2022ರ ಅಕ್ಟೋಬರಿನಲ್ಲಿ ಗಾಡ್‌ವಿಟ್ ಜಾತಿಯ ಐದು ತಿಂಗಳ ಹಕ್ಕಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ, ಪೆಸಿಫಿಕ್ ಸಾಗರದ ಮೇಲೆ, ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿತು. ಬೆನ್ನಿಗೆ ಕಟ್ಟಿದ್ದ ಉಪಗ್ರಹ ಸಾಧನದಿಂದ ದಾರಿಯೆಲ್ಲ ತಿಳಿದದ್ದು. ಹಿಡಿದ ಸಮಯ 11 ದಿನ. ವೇಗವೆಷ್ಟು? ಗಂಟೆಗೆ ಸುಮಾರು 51 ಕಿಲೋಮೀಟರ್ ಎಂಬ ಉತ್ತರ ಬರುವ ಮೊದಲು ಪ್ರಶ್ನೆಗಳು ಬಂದವು. ನಿದ್ದೆ ಯಾವಾಗ ಮಾಡುತ್ತದೆ? ಒಂದಕ್ಕೆ ಎಲ್ಲಿ ನಿಲ್ಲುತ್ತದೆ? ಹನ್ನೊಂದು ದಿನ ಊಟ? ಊಟದ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಹೊರಡುವ ಮುನ್ನ ಅದು ಮೈತುಂಬ ಕೊಬ್ಬು ಕೂಡಿಸಿಕೊಳ್ಳುತ್ತದೆ, ಭಾರ ಕಡಿಮೆ ಮಾಡಲು ಹೊಟ್ಟೆ, ಕರುಳುಗಳನ್ನೇ ಕುಗ್ಗಿಸಿಕೊಳ್ಳುತ್ತದೆ. ಅಂದು ಬಿಸಿಯೂಟದಲ್ಲಿ ಹಿಂದಿನ ಬೆಂಚಿನವರು ನಾಲ್ಕು ನಾಲ್ಕು ಸಲ ಅನ್ನ ಹಾಕಿಸಿಕೊಂಡರು. ಕೇಳಿದ್ದಕ್ಕೆ, ಟಾಸ್ಮೇನಿಯಾಕ್ಕೆ ಹೊರಟಿದ್ದೇವೆ ಎಂದು ಅಡುಗೆಯವರಿಗೆ ಹೇಳಿದರಂತೆ. ಅಡುಗೆಯವರು ನನ್ನನ್ನು ಹುಡುಕಿಕೊಂಡು ಬಂದರು.

ಆಗಸ್ಟ್ 15ರಂದು ಧ್ವಜಾರೋಹಣ, ಭಾಷಣ, ಮತ್ತೊಂದು ಭಾಷಣ, ಲಾಡು ಇವಿಷ್ಟು ಮುಗಿಯುವ ಹೊತ್ತಿಗೆ ಇಳಿತವೂ ಕೂಡಿ ಬಂದಿತ್ತು. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿ ಯಾರನ್ನೂ ಕೆಸರಿನ ಹತ್ತಿರ ಕರೆದೊಯ್ಯಬಾರದೆಂಬುದು ನನಗೆ ಗೊತ್ತಿತ್ತು. ನಾನು ಕರೆದೊಯ್ಯಲಿಲ್ಲ; ನಾನು ಹೋದೆ, ಅವರು ಹಿಂದಿನಿಂದ ಬಂದರು. ತಿರುವಿನಲ್ಲಿ ನೋಡಿದರೆ ಕೆಸರಿನ ಬಯಲಿನ ತುಂಬ ಹಕ್ಕಿಗಳು. ಓಡುವುದು, ನಿಲ್ಲುವುದು, ಬಾಗುವುದು. ಬಿಸಿಲೂ ಇತ್ತು, ಮಸೂರವೂ ಒಣಗಿತ್ತು. ಎಲ್ಲ ಗ್ರಹಗಳೂ ಅನುಕೂಲವಾಗಿದ್ದ ಆ ಗಳಿಗೆಯಲ್ಲಿ ದುರ್ಬೀನು ನನ್ನ ಕೊರಳಿನಿಂದ ಹೊರಟು ಸಾಲಾಗಿ ಕೈಯಿಂದ ಕೈಗೆ ದಾಟತೊಡಗಿತು. ಒಬ್ಬನಿಗೆ ಬಂದರಿನಲ್ಲಿ ಅಣ್ಣನ ದೋಣಿ ಕಂಡಿತು. ಒಬ್ಬಳಿಗೆ ಕುದ್ರುವಿನ ತೆಂಗಿನ ಮರದಲ್ಲಿ ಎಷ್ಟು ಕಾಯಿ ಇದೆ ಎಂದು ತಿಳಿಯಿತು. ಇನ್ನೊಬ್ಬ ತಿರುಗಿಸಿ ಹಿಡಿದು, ಗೆಳೆಯರೆಲ್ಲ ಇಷ್ಟಿಷ್ಟೇ ಆದರೆಂದು ಬಿದ್ದು ಬಿದ್ದು ನಕ್ಕ. ಮತ್ತೊಬ್ಬ ಮುಖ್ಯೋಪಾಧ್ಯಾಯರ ಬೈಕು ಸೇತುವೆಯ ಮೇಲೆ ಬರುತ್ತಿದೆ ಎಂದು ವರದಿ ಮಾಡಿದ. ಇಡೀ ತರಗತಿ ಕಾಂಡ್ಲಾದ ಮರೆಗೆ ಕುಳಿತಿತು, ನಾನೂ ಕುಳಿತೆ. ಬೈಕು ದಾಟಿದ ಮೇಲೆ ಕುಂಟನ ಸಾಕ್ಷಿದಾರ ದುರ್ಬೀನನ್ನು ಹಕ್ಕಿಗಳ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದ. “ಎದೆ ಮುರಕಲ್ಲಿನ ಬಣ್ಣ ಟೀಚರ್. ಗಂಟಲು ಬಿಳಿ. ಕಣ್ಣಿಗೆ ಕಪ್ಪು ಪಟ್ಟಿ.” ನನ್ನ ಕೈಗೆ ದುರ್ಬೀನು ಬಂದದ್ದೂ, ನಾಡದೋಣಿಯೊಂದು ಎಂಜಿನು ಗುಡುಗಿಸಿಕೊಂಡು ಪಕ್ಕದಲ್ಲೇ ಹಾದದ್ದೂ ಒಟ್ಟಿಗೇ. ಹಿಂಡು ಎದ್ದಿತು, ಗಾಳಿಯಲ್ಲಿ ಒಮ್ಮೆ ಹೊರಳಿತು, ಗಂಗೊಳ್ಳಿಯ ಕಡೆಗೆ ಹೋಯಿತು. ನನಗೆ ದಕ್ಕಿದ್ದು ರೆಕ್ಕೆಗಳ ಮೇಲಿನ ಬಿಳಿ ಗೀರು ಮಾತ್ರ. ನನ್ನ ದುರ್ಬೀನು, ನನ್ನ ಚಪ್ಪಲಿ, ಕಂಡದ್ದು ಅವನಿಗೆ.

ಹುಡುಗ ಮರುದಿನ ಚಿತ್ರ ಬರೆದು ತಂದ. ಗಣಿತದ ಪುಸ್ತಕದ ಹಿಂದಿನ ಹಾಳೆ, ಪೆನ್ಸಿಲ್ಲಿನ ಹಕ್ಕಿ, ಎದೆಗೆ ನಿಜವಾಗಿಯೂ ಮುರಕಲ್ಲಿನ ಚೂರನ್ನೇ ಉಜ್ಜಿ ಬಣ್ಣ ಹಚ್ಚಿದ್ದ. ನಿಂತ ಭಂಗಿ, ತಲೆಯ ಉರುಟು, ಕಣ್ಣಪಟ್ಟಿ ಎಲ್ಲವೂ ಕೈಪಿಡಿಯ ಚಿತ್ರಕ್ಕೆ ಒಪ್ಪುತ್ತಿತ್ತು. ಒಂದು ಕೈ ಮೇಲೆಯೇ ಎನ್ನಬೇಕು. ಫೋಟೋ ತೆಗೆದು ಗುಂಪಿಗೆ ಹಾಕಿದೆ. ಕೆಳಗೆ ‘ಬಂದಿದೆ’ ಎಂದಷ್ಟೇ ಬರೆದೆ. ಮಧ್ಯಾಹ್ನದವರೆಗೆ ಹಿರಿಯರ ಕಡೆಯಿಂದ ಸದ್ದಿಲ್ಲ. ನೋಡಿದ್ದಾರೆ ಎಂಬುದಕ್ಕೆ ಎರಡು ನೀಲಿ ಗೆರೆಗಳಿದ್ದವು. ಶಾಲೆ ಬಿಡುವ ಹೊತ್ತಿಗೆ ಉತ್ತರ ಬಂತು: ‘ಬಂದದ್ದು ಸರಿ. ಲೆಸ್ಸರೋ ಗ್ರೇಟರೋ? ಕೊಕ್ಕಿನ ಉದ್ದ ಸ್ಪಷ್ಟವಿಲ್ಲ.’

ಸ್ಯಾಂಡ್ ಪ್ಲೋವರ್‌ಗಳಲ್ಲಿ ಚಿಕ್ಕದು, ದೊಡ್ಡದು ಎಂದು ಇದೆ. ದೊಡ್ಡದರ ಕೊಕ್ಕು ಸ್ವಲ್ಪ ಉದ್ದ, ಕಾಲೂ ಅಷ್ಟೇ. ಎರಡೂ ನಮ್ಮ ಕರಾವಳಿಗೆ ಬರುತ್ತವೆ, ಅಕ್ಕಪಕ್ಕ ನಿಂತು ಅಳತೆ ಕೊಟ್ಟರೆ ಮಾತ್ರ ಹೇಳುವುದು ಸುಲಭ. ಅದು ಸಾಲದೆಂದು ಚಿಕ್ಕದನ್ನು ತಜ್ಞರು ಈಚೆಗೆ ಸೈಬೀರಿಯಾದ್ದು, ಟಿಬೆಟ್ಟಿನದು ಎಂದು ಮತ್ತೆ ಎರಡು ಮಾಡಿದ್ದಾರೆ. ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸಿ, ಇದನ್ನೆಲ್ಲ ವಿವರಿಸಿ, ಹಕ್ಕಿಯ ಕೊಕ್ಕು ತಲೆಗೆ ಹೋಲಿಸಿದರೆ ಎಷ್ಟು ಉದ್ದವಿತ್ತು, ಚೆನ್ನಾಗಿ ನೆನಪು ಮಾಡಿಕೊಂಡು ಹೇಳು ಎಂದೆ. ಅವನು ಚಿತ್ರವನ್ನು ನೋಡಿದ, ನನ್ನ ಮೊಬೈಲಿನಲ್ಲಿದ್ದ ಹಿರಿಯರ ಸಂದೇಶವನ್ನು ಓದಿದ, ಕಿಸೆಗೆ ಕೈ ಹಾಕಿದ.

“ಉದ್ದ ಬೇಕೋ ಗಿಡ್ಡ ಬೇಕೋ ಟೀಚರ್? ರಬ್ಬರ್ ಇದೆ.”